ಎರಡೇ ಸೀಟಿನ ಕಾರು

ನಮ್ಮ ಹಳೆಯ ವ್ಯಾನಿನ ಪಕ್ಕದ ಬಾಗಿಲು ಸುಲಭಕ್ಕೆ ಮುಚ್ಚುತ್ತಿರಲಿಲ್ಲ. ಅದನ್ನು ತುಸು ಮೇಲಕ್ಕೆತ್ತಿ, ಸೊಂಟದಿಂದ ಒಂದು ಗುದ್ದು ಕೊಟ್ಟು ಜಾರಿಸಬೇಕಿತ್ತು. ಆ ಕೈಚಳಕ ಒಲಿದಿದ್ದುದು ನನ್ನ ಹೆಂಡತಿ ಮಂದಾಕಿನಿಗೆ ಮಾತ್ರ. ಮಕ್ಕಳು, ಅವರ ಚೀಲಗಳು, ಮೊಸರನ್ನದ ಡಬ್ಬಿ, ದಾರಿಯಲ್ಲಿ ಸಿಕ್ಕ ನೆಂಟರು ಎಲ್ಲವನ್ನೂ ಒಳಗೆ ತುಂಬಿ ಅವಳು ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆಯೇ ನಾನು ಗಾಡಿ ಬಿಡುತ್ತಿದ್ದೆ.

ಅವಳಿಗೆ ಕಾಯಿಲೆ ಬಂದಾಗ ನಡುವಿನ ಸೀಟು ಕಳಚಿಸಿ ಅಲ್ಲಿ ಹಾಸಿಗೆ ಹಾಸಿದೆ. ಆಸ್ಪತ್ರೆಗೆ ಹೋಗುವಾಗ, ಬರುವಾಗ ಅವಳು ಮಲಗಿ ವ್ಯಾನಿನ ಚಾವಣಿ ನೋಡುತ್ತಿದ್ದಳು. ಬಾಗಿಲು ಹಾಕುವ ಕೆಲಸ ನನ್ನದಾಯಿತು. ಎಷ್ಟು ಮೆಲ್ಲಗೆ ಹಾಕಿದರೂ ಬೆಚ್ಚುತ್ತಿದ್ದಳು.

ಅಂಥ ದಿನಗಳಲ್ಲೇ ಅವಳ ತಮ್ಮ ಸುಧನ್ವ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಬಂದಿಳಿದ. ನೆಲಕ್ಕೆ ಅಂಟಿಕೊಂಡಂಥ ಗಾಡಿ, ಎರಡೇ ಸೀಟು. ನಿಂತಲ್ಲೇ ಗುರುಗುಟ್ಟುತ್ತಿತ್ತು. ಬೀದಿಯವರೆಲ್ಲ ಬಂದು, ನನ್ನ ವ್ಯಾನಿಗೆ ಒರಗಿ ನಿಂತೇ ಅದನ್ನು ಹೊಗಳಿದರು. ಮನೆಯಲ್ಲಿ ಇಂಥ ಸ್ಥಿತಿ ಇರುವಾಗ ಇದೆಂಥ ಮೆರವಣಿಗೆ ಎಂದು ನನಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಮಂದಾಕಿನಿ ಗೋಡೆ ಹಿಡಿದುಕೊಂಡು ಜಗಲಿಗೆ ಬಂದಳು. "ರೀ, ಇವನ ಕಾರಲ್ಲಿ ಒಂದು ಸುತ್ತು ಹೋಗ್ಬರ್ತೀನಿ."

"ಅದರಲ್ಲಿ ನಿಂಗೆ ಮಲಗೋಕೂ ಆಗಲ್ಲ. ಹೋಗಲೇಬೇಕಂದ್ರೆ ವ್ಯಾನಲ್ಲಿ ನಾನೇ ಕರ್ಕೊಂಡು ಹೋಗ್ತೀನಿ."

"ವ್ಯಾನ್ ಹತ್ತಿದ್ರೆ ಎಲ್ಲಿಗೆ ಹೋಗ್ತೀವಿ ಅಂತ ನಂಗೆ ಗೊತ್ತಿರತ್ತೆ," ಅಂದಳು. ಕೆಂಪು ಕಾರಿನತ್ತ ನೋಡುತ್ತ, "ಒಂದು ಸಲ ಗೊತ್ತಿಲ್ಲದೆ ಹೋಗ್ಬೇಕು."

ಸುಧನ್ವ ಹೆದರಿ, "ಭಾವ, ನೀವೇನಂತೀರಿ?" ಎಂದ. ನಾನು ಅವಳನ್ನು ಎತ್ತಿ ಆ ತಗ್ಗಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ನನಗೆ ಅದರಲ್ಲಿ ಜಾಗವಿರಲಿಲ್ಲ. ವ್ಯಾನಿನಲ್ಲಿ ಹಿಂಬಾಲಿಸಿದೆ.

ಕೆರೆ ಏರಿಯವರೆಗೆ ಅವನು ನನಗೋಸ್ಕರ ನಿಧಾನವಾಗಿ ಹೋದ. ಆಮೇಲೆ ಒಂದು ಗರ್ಜನೆ. ಕೆಂಪು ಚುಕ್ಕೆ ತಿರುವಿನಲ್ಲಿ ಕರಗಿಹೋಯಿತು. ಎಷ್ಟು ತುಳಿದರೂ ನನ್ನ ವ್ಯಾನು ನಡುಗಿತೇ ಹೊರತು ಓಡಲಿಲ್ಲ. ಕೊನೆಗೆ ಬದಿಗೆ ನಿಲ್ಲಿಸಿ ಖಾಲಿ ರಸ್ತೆ ನೋಡುತ್ತ ಕುಳಿತೆ. ಅವಳಿಲ್ಲದ ಬದುಕು ಹೇಗಿರುತ್ತದೆಂದು ಮೊದಲ ಸಲ ಕಂಡದ್ದು ಅಲ್ಲಿ.

ಅವರು ಬೇಗನೇ ಮರಳಿದರು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಆದರೂ ನಗುತ್ತಿದ್ದಳು. "ಜೀವ ಬಾಯಿಗೆ ಬಂದಿತ್ತು ಕಣ್ರೀ! ಮನೆಗೆ ಮಾತ್ರ ನಿಮ್ಮ ಜೊತೇನೇ ಬರ್ತೀನಿ. ಮಲಗ್ಬೇಕು." ಹಾಸಿಗೆಯಲ್ಲಿ ಮಲಗಿಸಿ ಬಾಗಿಲು ಹಾಕಿದೆ. ಅಂದು ಬೆಚ್ಚಲಿಲ್ಲ. ಆಗಲೇ ನಿದ್ದೆ ಹತ್ತಿತ್ತು.

ಮಳೆಗಾಲ ಹಿಡಿಯುವ ಮುಂಚೆ ಅವಳು ಹೋಗಿಬಿಟ್ಟಳು.

ಅಸ್ಥಿ ಬಿಡಲು ನದಿಗೆ ಹೊರಟ ದಿನ ಸುಧನ್ವ ತನ್ನ ಕಾರನ್ನು ಮನೆಯ ಮುಂದೆಯೇ ಬಿಟ್ಟ. ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ವ್ಯಾನಿನಲ್ಲಿ ನನ್ನ ಪಕ್ಕ ಕುಳಿತ. ಊರು ದಾಟಿದ ಮೇಲೆ ಮೆಲ್ಲಗೆ ಬಾಯಿಬಿಟ್ಟ.

"ಭಾವ, ಅವತ್ತು ಜೋರಾಗಿ ಬಿಡು ಅಂದೋಳು ಅಕ್ಕನೇ. ಆದ್ರೆ ತಿರುಗಿ ತಿರುಗಿ ಹಿಂದೇನೇ ನೋಡ್ತಿದ್ಲು. ನಿಮ್ಮ ವ್ಯಾನು ಕಾಣದೇ ಹೋದ ತಕ್ಷಣ, 'ಸಾಕು ಕಣೋ, ತಿರುಗಿಸು. ಅವರು ಒಬ್ರೇ ಆಗ್ಬಿಟ್ರು' ಅಂದ್ಲು."

ದೂರದಲ್ಲಿ ನದಿಯ ಸೇತುವೆ ಕಂಡಿತು. ಅವನು ಮಡಕೆಯನ್ನು ಎರಡೂ ಕೈಯಲ್ಲಿ ತಬ್ಬಿ, "ಭಾವ, ಸ್ವಲ್ಪ ನಿಧಾನ ಹೋಗಿ," ಎಂದ.

ನಾನು ನಿಧಾನವಾಗಿಯೇ ಹೋಗುತ್ತಿದ್ದೆ. ಆದರೂ ಕಾಲು ಸಡಿಲಿಸಿದೆ. ಹಿಂದಿದ್ದ ಲಾರಿ, ಬಸ್ಸು, ಕೊನೆಗೆ ಹುಲ್ಲಿನ ಹೊರೆ ಕಟ್ಟಿಕೊಂಡ ಒಂದು ಸೈಕಲ್ಲು ಕೂಡ ನಮ್ಮನ್ನು ದಾಟಿ ಮುಂದೆ ಹೋಯಿತು.