ಒಂದೇ ಉಸಿರಿನ ಬೈಗುಳ

ನಮ್ಮ ಅತ್ತೆ ಬೈಯುವುದನ್ನು ನಿಲ್ಲಿಸಿದ ದಿನ ನನಗೆ ಖುಷಿಯಾಯಿತು. ಆ ಖುಷಿ ಹೆಚ್ಚು ಹೊತ್ತು ಬಾಳಲಿಲ್ಲ, ಅದು ನನ್ನ ಪುಣ್ಯ.

ಅತ್ತೆಯದು ಪರದೆ ಬಟ್ಟೆಯ ಅಂಗಡಿ. ಮುಂದಿನ ಕೌಂಟರಿನಲ್ಲಿ ಅವರು ಅಳೆದು ಮಾರುತ್ತಾರೆ, ಹಿಂದಿನ ಕೋಣೆಯಲ್ಲಿ ನಾನು ಹೊಲಿದು ಕೊಡುತ್ತೇನೆ. ಮದುವೆಯಾಗಿ ಬಂದಾಗಿನಿಂದ ಇದೇ ನಡೆದುಬಂದಿದೆ. ನಾನು ಹೊಲಿದ ಪ್ರತಿಯೊಂದು ಪರದೆಯನ್ನೂ ಅವರು ಬೆಳಕಿಗೆ ಹಿಡಿದು, ಅಂಚನ್ನು ಬೆರಳಲ್ಲಿ ಸವರಿ, ಮೊಸರಲ್ಲಿ ಕಲ್ಲು ಹುಡುಕುತ್ತಾರೆ. ಕಲ್ಲು ಸಿಕ್ಕೇ ಸಿಗುತ್ತದೆ. ಆಮೇಲೆ ಬೈಗುಳ ಶುರು. ಅದು ದಾರದಿಂದ ಹೊರಟು, ನನ್ನ ಗಮನ, ನನ್ನ ತವರು, ಈ ಸಂಬಂಧ ಕುದುರಿಸಿದ ನನ್ನ ದೊಡ್ಡಪ್ಪ, ಎಲ್ಲವನ್ನೂ ಸುತ್ತಿಕೊಂಡು ಮತ್ತೆ ದಾರಕ್ಕೇ ಬಂದು ನಿಲ್ಲುತ್ತದೆ. ನಡುವೆ ಎಲ್ಲೂ ಉಸಿರು ತೆಗೆದುಕೊಳ್ಳುವುದಿಲ್ಲ. ಉಬ್ಬಸದ ಹೆಂಗಸಿಗೆ ಇಷ್ಟು ಉದ್ದದ ಉಸಿರು ಎಲ್ಲಿಂದ ಬಂತೋ ದೇವರಿಗೇ ಗೊತ್ತು. "ಚೆನ್ನಾಗಿದೆ" ಎಂಬ ಒಂದು ಮಾತು ಮಾತ್ರ ಆ ಬಾಯಿಂದ ನಾನು ಕೇಳಿರಲಿಲ್ಲ.

ಈ ಸಲ ಅತ್ತೆಗೆ ಶೀತ ಹಿಡಿದು ಎದೆಗಿಳಿಯಿತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅವರ ಎದೆಯ ಸುಂಯ್ ಸುಂಯ್ ಸದ್ದು ರಸ್ತೆಗೂ ಕೇಳುತ್ತಿತ್ತು. ನನ್ನ ಗಂಡ ಲಾರಿ ತೆಗೆದುಕೊಂಡು ದೂರ ಹೋಗಿದ್ದರು. ನಾನೇ ಬಾಡಿಗೆ ಕಾರು ಹಿಡಿದು ಆಸ್ಪತ್ರೆಗೆ ಕರೆತಂದೆ. ವಾರ್ಡಿಗೆ ಸೇರಿಸಿಕೊಂಡರು, ಸೂಜಿ ಚುಚ್ಚಿದರು, ಮಾಸ್ಕು ಹಾಕಿ ಔಷಧದ ಹೊಗೆ ಕೊಟ್ಟರು. ಅಷ್ಟರ ನಡುವೆಯೂ ಅತ್ತೆ ಮಾಸ್ಕು ಸರಿಸಿ, ಮಂಚದ ಸುತ್ತ ಇಳಿಬಿಟ್ಟಿದ್ದ ಪರದೆಯ ಅಂಚು ಸೊಟ್ಟಗಿದೆ ಎಂದು ಕೊಂಕು ತೆಗೆದರು.

ಮಧ್ಯಾಹ್ನದ ಹೊತ್ತಿಗೆ ಸುಂಯ್ ಸದ್ದು ಇಳಿಯುತ್ತಾ ಬಂದು ನಿಂತೇಹೋಯಿತು. ಅತ್ತೆಯ ಮಾತೂ ನಿಂತಿತು. ದಿಂಬಿಗೆ ಒರಗದೆ, ಎರಡೂ ಕೈಯನ್ನು ಮಂಡಿಯ ಮೇಲೆ ಊರಿಕೊಂಡು, ಮುಂದಕ್ಕೆ ಬಾಗಿ ಕೂತರು. ಊಟ ಬೇಕೇ ಎಂದರೆ ಬೇಡವೆಂದು ಬರೀ ತಲೆಯಾಡಿಸಿದರು. ಔಷಧ ಹಿಡಿಯಿತು ಅಂದುಕೊಂಡೆ. ಮನೆಯಿಂದ ಹೊದಿಕೆ ತರಲು ಮರೆತಿದ್ದಕ್ಕೆ ಮುನಿಸಿಕೊಂಡು ತುಟಿ ಪಿಟಕ್ಕೆನ್ನದೆ ಕೂತಿದ್ದಾರೆ ಅಂತಲೂ ಅಂದುಕೊಂಡೆ. ಗಂಡನಿಗೆ ಫೋನು ಮಾಡಿ, ಸದ್ದೆಲ್ಲ ಅಡಗಿದೆ, ಗಾಬರಿ ಬೇಡ ಎಂದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಸಿಕ್ಕಿದ ಬಂಗಾರವನ್ನು ಅನುಭವಿಸುತ್ತಾ ಸ್ಟೂಲಿನ ಮೇಲೆ ಹಾಯಾಗಿ ಕೂತೆ.

ಆಗ ಪಾಳಿ ಬದಲಾಗಿ ಬೇರೆ ನರ್ಸ್ ಬಂದರು. ನಡುವಯಸ್ಸಿನವರು, ಬೆಕ್ಕಿನ ಹಾಗೆ ಸದ್ದಿಲ್ಲದ ನಡಿಗೆ. ಬಂದವರು ಮೊದಲು ಏನೂ ಮಾಡಲಿಲ್ಲ, ಮಂಚದ ಕಾಲಬದಿಯಲ್ಲಿ ನಿಂತು ಅತ್ತೆಯನ್ನು ಸುಮ್ಮನೆ ನೋಡಿದರು. ಆಮೇಲೆ ನಾಡಿ ನೋಡುತ್ತೇನೆಂದು ಮಣಿಕಟ್ಟು ಹಿಡಿದುಕೊಂಡರು. ಹಿಡಿದವರು ಬಿಡಲೇ ಇಲ್ಲ. ಒಂದು ನಾಡಿ ಎಣಿಸಲು ಇಷ್ಟು ಹೊತ್ತೇ ಎಂದು ನನಗೆ ರೇಗಿತು. ನೋಡಿದರೆ ಅವರ ಕಣ್ಣು ಇದ್ದದ್ದು ಅತ್ತೆಯ ಎದೆಯ ಮೇಲೆ. ನಾನೂ ಅತ್ತಲೇ ನೋಡಿದೆ. ಅತ್ತೆಯ ಕತ್ತಿನ ನರಗಳು ಹಗ್ಗದ ಹಾಗೆ ಸೆಟೆದಿದ್ದವು. ಗಂಟಲ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಹೋಗುತ್ತಿತ್ತು. ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತಿದ್ದ ನನಗೆ ಇದು ಆಗಷ್ಟೇ ಕಂಡಿತು.

"ಅಮ್ಮ ಯಾವಾಗ್ಲೂ ಇಷ್ಟೇನಾ ಮಾತಾಡೋದು?" ಎಂದು ನರ್ಸ್ ನನ್ನನ್ನು ಕೇಳಿದರು.

ನನಗೆ ನಗು ಬಂತು. ಇವರ ಬಾಯಿಗೆ ಹೆದರಿ ಗಿರಾಕಿಗಳು ಚೌಕಾಸಿಯನ್ನೂ ಮಾಡುವುದಿಲ್ಲ, ಇವತ್ತು ನನ್ನ ಮೇಲೆ ಮುನಿಸು ಅಷ್ಟೆ ಎಂದೆ. ನರ್ಸ್ ನಗಲಿಲ್ಲ. ಅತ್ತೆಯ ಮುಖದ ಹತ್ತಿರ ಬಾಗಿದರು.

"ಅಮ್ಮಾ, ನಿಮ್ಮ ಸೊಸೆನ ಒಂದ್ಸಲ ಚೆನ್ನಾಗಿ ಬೈದುಬಿಡಿ, ನಾನೂ ಕೇಳ್ತೀನಿ."

ಅತ್ತೆ ನನ್ನತ್ತ ತಿರುಗಿದರು. "ಇವ್ಳು," ಎಂದರು. ಉಸಿರು ಎಳೆದುಕೊಂಡರು. "ಹೊದಿಕೆ," ಎಂದರು. ಮತ್ತೆ ಎಳೆದುಕೊಂಡರು. ಮೂರನೆಯ ಮಾತು ಬರಲಿಲ್ಲ.

ಕರೆದು ಕೊಟ್ಟ ಅವಕಾಶವನ್ನು ನಮ್ಮ ಅತ್ತೆ ಹೀಗೆ ಕೈಬಿಟ್ಟರೆಂದರೆ ಅದು ಮುನಿಸಲ್ಲ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ನರ್ಸ್ ಗೋಡೆಯ ಕರೆಗಂಟೆ ಒತ್ತಿ, ಅತ್ತೆಯ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟಿದ್ದರು. ಮೇಲೆ ಕೇಳಿದರು, ಕೆಳಗೆ ಕೇಳಿದರು, ಎಡ ಬಲ ಹೋಲಿಸಿದರು.

"ಸದ್ದು ನಿಂತಿರೋದು ವಾಸಿಯಾಗಿ ಅಲ್ಲ," ಎಂದರು. "ಸದ್ದು ಮಾಡೋಕೂ ಒಳಗೆ ಗಾಳಿ ಸಾಕಷ್ಟು ಆಡ್ತಿಲ್ಲ."

ದನಿ ಏರಲಿಲ್ಲ, ಕೈ ಮಾತ್ರ ಓಡುತ್ತಿತ್ತು. ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರು, ಆಕ್ಸಿಜನ್ ಹಚ್ಚಿದರು. ಡಾಕ್ಟರ್ ಬಂದರು, ಇನ್ನಿಬ್ಬರು ಬಂದರು, ನನ್ನನ್ನು ಪರದೆಯ ಹೊರಗೆ ನಿಲ್ಲಿಸಿದರು.

ಆ ಸೊಟ್ಟ ಅಂಚನ್ನೇ ಕೈಯಲ್ಲಿ ಹಿಡಿದು ನಿಂತೆ. ಆ ಹೆಂಗಸಿಲ್ಲದ ಅಂಗಡಿಯನ್ನು ನೆನೆಸಿಕೊಳ್ಳಲು ನೋಡಿದೆ, ಆಗಲಿಲ್ಲ. ದೇವರೇ, ನನ್ನ ತವರನ್ನೆಲ್ಲ ಸೇರಿಸಿ ಬೈಯಲಿ, ದೊಡ್ಡಪ್ಪನನ್ನಂತೂ ಬಿಡುವುದೇ ಬೇಡ ಎಂದು ಬೇಡಿಕೊಂಡೆ. ನನಗೆ ಅವರು ಬೇಕಾಗಿದ್ದರು, ಆ ಬಾಯಿಯ ಸಮೇತ ಬೇಕಾಗಿದ್ದರು.

ಸಂಜೆಯ ಹೊತ್ತಿಗೆ ಒಳಗಿನಿಂದ ಮತ್ತೆ ಸುಂಯ್ ಎಂದು ಕೇಳಿತು. ರೋಗ ಮರುಕಳಿಸಿತು ಎಂದುಕೊಂಡೆ. ನರ್ಸ್ ಪರದೆ ಸರಿಸಿ ಹೊರಬಂದರು. ಅವರ ಮುಖದಲ್ಲಿ ಮೊದಲ ಸಲ ನಗು ಕಂಡೆ. ಗಾಳಿ ಆಡತೊಡಗಿದೆ, ಅದಕ್ಕೇ ಸದ್ದು ವಾಪಸ್ ಬಂದಿದೆ, ಈಗ ಈ ಸದ್ದು ಒಳ್ಳೆಯದೇ ಎಂದರು. ಹೋದ ಜೀವ ಬಂದಂತಾಯಿತು. ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ತಮ್ಮ ಪಾಳಿ ಬಂದಾಗಲೆಲ್ಲ ಅವರು ಮಣಿಕಟ್ಟು ಹಿಡಿಯುತ್ತಿದ್ದರು, ಬೆನ್ನಿಗೆ ಕಿವಿ ಕೊಡುತ್ತಿದ್ದರು, ಕೊನೆಗೆ ಸೊಸೆಗೇನಾದರೂ ಹೇಳಿ ಎನ್ನುತ್ತಿದ್ದರು. ಉಸಿರು ನೋಡಲು ಕೈ ಯಾಕೆ ಹಿಡಿಯುತ್ತೀರಿ ಎಂದು ಒಮ್ಮೆ ಕೇಳಿದೆ. ಉಸಿರು ಎಣಿಸುತ್ತೇನೆ ಎಂದರೆ ಯಾರ ಉಸಿರೂ ಇದ್ದ ಹಾಗೆ ಇರುವುದಿಲ್ಲ, ಫೋಟೋ ತೆಗೆಯುತ್ತೇನೆ ಎಂದಾಗ ಮುಖ ಬದಲಾಗುವುದಿಲ್ಲವೇ, ಹಾಗೆ ಎಂದರು. ಅತ್ತೆಯ ಬೈಗುಳ ಮೊದಲು ದಾರದ ತನಕ ಬಂತು, ಆಮೇಲೆ ತವರಿನ ತನಕ. ದೊಡ್ಡಪ್ಪನನ್ನು ಮುಟ್ಟಿದ ದಿನ ನಾನು ನರ್ಸಿಗೆ ಓಡಿಹೋಗಿ ಹೇಳಿ ಬಂದೆ. ಬೈಸಿಕೊಂಡು ಇಷ್ಟು ಹಿಗ್ಗಿದ ಸೊಸೆಯನ್ನು ನೋಡಿಲ್ಲ ಎಂದು ಪಕ್ಕದ ಮಂಚದವರು ನಕ್ಕರು.

ಮನೆಗೆ ಹೋಗಬಹುದೆಂದು ಡಾಕ್ಟರ್ ಹೇಳಿದ ಬೆಳಿಗ್ಗೆ ನರ್ಸ್ ಕೊನೆಯ ಸಲ ಮಣಿಕಟ್ಟು ಹಿಡಿದು, ಸೊಸೆಯನ್ನು ಬೈದೇ ಹೊರಡಬೇಕು ಎಂದರು. ಅತ್ತೆ ನನ್ನ ಕಡೆ ನೋಡಲಿಲ್ಲ. ಇನ್ನೊಂದು ಕೈಯಿಂದ ಪರದೆಯನ್ನು ಎಳೆದು ಅಂಚನ್ನು ಬೆರಳಲ್ಲಿ ಸವರಿದರು.

"ಈ ಪರದೆ ಹೊಲಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಒಂದು ಕಡೆ ಎಳೆದು ಇನ್ನೊಂದು ಕಡೆ ಬಿಟ್ಟು ಬಟ್ಟೆ ಹಾಳು ಮಾಡಿಟ್ಟಿದಾನೆ, ಇದನ್ನೇ ನಮ್ಮ ಹುಡುಗಿ ಕೈಗೆ ಕೊಟ್ಟಿದ್ರೆ ಗೆರೆ ಎಳೆದ ಹಾಗೆ ಹೊಲಿಯೋಳು, ಇಷ್ಟು ವರ್ಷದಲ್ಲಿ ಅವಳು ಹೊಲಿದ ಒಂದೇ ಒಂದು ಪರದೆ ನಮ್ಮ ಅಂಗಡಿಗೆ ವಾಪಸ್ ಬಂದಿಲ್ಲ."

ನಡುವೆ ಎಲ್ಲೂ ಉಸಿರು ತೆಗೆದುಕೊಳ್ಳಲಿಲ್ಲ. ನರ್ಸ್ ಮಣಿಕಟ್ಟು ಬಿಟ್ಟು, ಸರಿಯಾಗಿದೆ, ಹೊರಡಿ ಎಂದರು. ನನಗೆ ಮಾತ್ರ ಉಸಿರು ಅರ್ಧಕ್ಕೇ ನಿಂತಿತ್ತು. ನರ್ಸಿಗೆ ಕೈ ಮುಗಿದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಬರಲಿಲ್ಲ.

"ಬಾಯಿ ಬಿಟ್ಕೊಂಡು ನಿಂತಿದ್ದು ಸಾಕು, ಪರದೆ ಅಳತೆ ತಗೋ," ಎಂದರು ಅತ್ತೆ. "ಜೀವ ಉಳಿಸಿದೋರನ್ನ ಈ ಸೊಟ್ಟ ಅಂಚಿನ ಮುಂದೆ ಬಿಟ್ಟು ಹೋಗೋಕಾಗುತ್ತಾ?"

ಟೇಪು ತಂದಿರಲಿಲ್ಲ. ಗೇಣು ಹಾಕಿ ಅಳೆಯತೊಡಗಿದೆ. ಕಣ್ಣು ಮಂಜಾಗಿ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ. ಅತ್ತೆಯೂ ಮೊದಲಿನಿಂದ ಶುರು ಮಾಡಿದರು, ನನ್ನ ಗಮನ, ನನ್ನ ತವರು, ನನ್ನ ದೊಡ್ಡಪ್ಪ.