ಚಾಡಿ ಹೇಳದ ಗಾಡಿ

ಹೊಸ ಗಾಡಿ ಕೊಳ್ಳೋಣವೋ ಹಳೆಯದು ಕೊಳ್ಳೋಣವೋ ಅಂತ ಮಗಳು ಕೇಳಿದಾಗ ನಾನು ಸಕ್ಕರೆಯನ್ನು ಕಾಫಿ ಲೋಟದ ಪಕ್ಕಕ್ಕೆ ಸುರಿಯುತ್ತಿದ್ದೆ. ಪಕ್ಕಕ್ಕೆ ಅಂದರೆ ಪಕ್ಕಕ್ಕೇ, ಲೋಟದೊಳಗಲ್ಲ. ಅವಳು ತಿರುಗಿ ನೋಡುವಷ್ಟರಲ್ಲಿ ಅಂಗೈಯಲ್ಲಿ ಬಳಿದು ಬಾಯಿಗೆ ಹಾಕಿಕೊಂಡೆ. ಎಂಟು ತಿಂಗಳಿಂದ ನನ್ನ ಎಡಗಣ್ಣಿನಲ್ಲಿ ಬೆಳಕಿಲ್ಲ. ನನ್ನನ್ನೂ ಒಬ್ಬ ಕಣ್ಣಿನ ಡಾಕ್ಟರನ್ನೂ ಬಿಟ್ಟರೆ ಈ ವಿಷಯ ಮೂರನೆಯವರಿಗೆ ಗೊತ್ತಿರಲಿಲ್ಲ.

"ಒಂದೇ ಕಣ್ಣಲ್ಲಿ ದೂರದ ಅಂದಾಜು ಸಿಗಲ್ಲ, ಇನ್ನು ಗಾಡಿ ಓಡಿಸೋದು ಬಿಟ್ಟುಬಿಡಿ" ಅಂದಿದ್ದರು ಡಾಕ್ಟರು. ಹೇಳುವುದಕ್ಕೆ ಅವರಪ್ಪನ ಮನೆ ಗಂಟೇನು ಹೋಗಬೇಕು? ಮೂವತ್ತೊಂದು ವರ್ಷ ಡ್ರೈವರ್ ಆಗಿದ್ದವನು ನಾನು. ಒಬ್ಬರೇ ಯಜಮಾನರು, ಒಂದೇ ಕಂಪನಿಯ ಕಾರು. ನಮ್ಮ ಡ್ರೈವರುಗಳ ಬಾಯಲ್ಲಿ ಆ ಕಂಪನಿಯ ಗಾಡಿಗೆ 'ದೊರೆ' ಅಂತಲೇ ಹೆಸರು. ಯಜಮಾನರು ಹೋದರು, ಗಾಡಿಯನ್ನು ಅವರ ಮಕ್ಕಳು ಮಾರಿದರು, ನಾನು ಮಗಳ ಮನೆ ಸೇರಿದೆ. ಅವಳ ಹತ್ತಿರ ಒಂದು ಪುಟ್ಟ ಕಾರಿದೆ. "ಅಂಥ ಡಬ್ಬ ನಾನು ಮುಟ್ಟಲ್ಲ" ಅಂತ ಜಂಬ ಮಾಡಿಕೊಂಡು ಎಂಟು ತಿಂಗಳು ತಳ್ಳಿದ್ದೆ. ಸಿಡುಕ ಅಂತ ಮೊದಲೇ ಹೆಸರಿದ್ದದ್ದು ಉಪಯೋಗಕ್ಕೆ ಬಂತು.

ಈಗ ಅವಳೇ ದೊರೆ ತರುತ್ತೇನೆ ಅನ್ನುತ್ತಿದ್ದಾಳೆ. ಮಗಳು ಹಲ್ಲಿನ ಡಾಕ್ಟರು, ಕೈತುಂಬ ಕೆಲಸ. "ನಿನ್ನ ಗಾಡಿನೇ ತಗೊಳ್ಳೋಣ ಅಪ್ಪ. ಮೊಮ್ಮಗಳನ್ನ ಸ್ಕೂಲಿಗೆ ಬಿಡೋದು, ಕರ್ಕೊಂಡ್ ಬರೋದು ನಿನ್ನ ಪಾಲಿಗೆ" ಅಂದಿದ್ದಳು. ಮೊಮ್ಮಗಳು ಎರಡನೇ ಕ್ಲಾಸು. ಮನೆಯಲ್ಲಿ ಎಲ್ಲರೂ ಅವಳನ್ನು ಮೆಣಸು ಅನ್ನುತ್ತೇವೆ, ಸಿಟ್ಟು ನನ್ನದೇ ಬಂದಿದೆ. ಅವಳ ಜೊತೆ ದಿನಕ್ಕೆರಡು ಸಲ ಆ ಗಾಡಿಯಲ್ಲಿ ಹೋಗುವುದು. ಬದುಕಿನಲ್ಲಿ ನನಗೆ ಬೇಕಾಗಿ ಉಳಿದದ್ದು ಅದೊಂದೇ. ಬಾಯಿಬಿಟ್ಟರೆ ಅದು ಹೋಗುತ್ತಿತ್ತು, ಹಾಗಾಗಿ ಬಾಯಿ ಬಿಡಲಿಲ್ಲ.

ಷೋರೂಮು ಮೊಟ್ಟೆಯ ಒಳಗಿನ ಹಾಗೆ ಬೆಳ್ಳಗಿತ್ತು. ಗೋಡೆ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆ ಅಂತಲೇ ತಿಳಿಯದು. ನೆಲದ ಹೊಳಪಿಗೆ ನೀರೆಂದುಕೊಂಡು ನಾನು ಪ್ಯಾಂಟು ಮೇಲೆತ್ತಿಕೊಂಡೆ. ಬೂದು ಕೋಟಿನ ಹೆಣ್ಣುಮಗಳೊಬ್ಬಳು ಬಂದು ನಕ್ಕಳು. ನಡುವೆ ಹೊಸ ಗಾಡಿ ನಿಂತಿತ್ತು. ಒಳಗೆ ಮೀಟರಿನ ಒಂದು ಮುಳ್ಳಿಲ್ಲ, ಒತ್ತುವ ಒಂದು ಗುಂಡಿಯಿಲ್ಲ, ಈ ಬಾಗಿಲಿಂದ ಆ ಬಾಗಿಲವರೆಗೆ ಬರೀ ಗಾಜಿನ ಪರದೆ.

"ಹಳೇದು ಎಲ್ಲಿಟ್ಟಿದ್ದೀರಿ?" ಅಂದೆ.

"ಹಳೇದು ಅನ್ಬೇಡಿ ಸರ್, ಒಬ್ಬರ ಕೈಯಲ್ಲಿದ್ದದ್ದು ಅನ್ನಿ" ಅಂದಳು ಕೋಟಿನವಳು. ಅದು ಗಾಜಿನ ಆಚೆ ನಿಂತಿತ್ತು. ಆರು ವರ್ಷದ್ದು, ಮೋಡದ ಬಣ್ಣ. ಬೆಲೆ ಅರ್ಧ, ಎಂಜಿನ್ನು ಗಟ್ಟಿ, ಎರಡು ವರ್ಷದ ಗ್ಯಾರಂಟಿ. "ಹೊಸದರಲ್ಲಿ ಇರೋ ಕಣ್ಣುಗಳು ಮಾತ್ರ ಇದರಲ್ಲಿಲ್ಲ. ಸುತ್ತ ಹನ್ನೆರಡು ಕ್ಯಾಮೆರಾ ಸರ್ ಹೊಸದಕ್ಕೆ."

ಕಣ್ಣು ಅಂದ ಕೂಡಲೇ ನಾನು ಮಗಳ ಮುಖ ನೋಡಿದೆ.

ಮೊದಲು ಹೊಸದು. ಮಗಳು ಪಕ್ಕದಲ್ಲಿ, ಕೋಟಿನವಳು ಹಿಂದೆ. ಗೇಟು ದಾಟಿದ್ದೇ ತಡ, ಅದರ ಬಾಯಿ ಶುರುವಾಯಿತು. ಕುಂಯ್ ಅನ್ನುತ್ತದೆ, ಟಿಣ್ ಅನ್ನುತ್ತದೆ, ಸೀಟನ್ನು ತೊಡೆಯ ಕೆಳಗೇ ನಡುಗಿಸುತ್ತದೆ. ಎಡಗಡೆ ಗಮನಿಸಿ, ಎಡಗಡೆ ಗಮನಿಸಿ ಅಂತ ಜೇನಿನಂಥ ದನಿಯಲ್ಲಿ ಬೇರೆ ಹೇಳುತ್ತದೆ. ಒಂದು ತಿರುವಿನಲ್ಲಂತೂ ನನ್ನನ್ನು ಕೇಳದೆ ತಾನೇ ಬ್ರೇಕ್ ಹಾಕಿತು. ಸೈಕಲ್ಲಿನವನೊಬ್ಬ ಎಡದಿಂದ ಮುಂದೆ ಬಂದು, ಬೈಯುತ್ತಾ ಹೋದ. ಅವನು ಎಲ್ಲಿಂದ ಬಂದ ಅಂತ ನನಗೆ ಗೊತ್ತೇ ಆಗಲಿಲ್ಲ.

ವಾಪಸು ಬಂದು ನಿಲ್ಲಿಸಿದರೆ ಪರದೆಯ ಮೇಲೆ ಲೆಕ್ಕ: ಈ ಪ್ರಯಾಣದಲ್ಲಿ ನಿಮಗೆ ಹನ್ನೊಂದು ಸಲ ನೆರವಾಗಿದ್ದೇನೆ. ಕೆಳಗೆ ಒಂದು ಚಿತ್ರ, ಎಡಗಡೆಗೆಲ್ಲ ಕೆಂಪು ಚುಕ್ಕಿ.

"ಒಂಬತ್ತು ಎಡಗಡೆನೇ ಅಲ್ವಾ ಅಪ್ಪ?" ಅಂದಳು ಮಗಳು.

"ಆ ಕಡೆ ರಸ್ತೆ ಸರಿಯಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಅವಳು ನಕ್ಕಳು. ನಕ್ಕಳಾದರೂ ನನ್ನ ಮುಖವನ್ನು ಒಂದು ಗಳಿಗೆ ಜಾಸ್ತಿಯೇ ನೋಡಿದಳು.

ನನಗೆ ಮೈಯೆಲ್ಲ ಉರಿಯಿತು. ಕನ್ನಡಿಯಲ್ಲಿ ಕಂಡದ್ದು ಕನ್ನಡಿಯಲ್ಲೇ ಇರಬೇಕು, ಇದು ನಮ್ಮ ಕಸುಬಿನ ಮೊದಲ ಪಾಠ. ಯಜಮಾನರು ಹಿಂದಿನ ಸೀಟಿನಲ್ಲಿ ಅತ್ತದ್ದನ್ನು ನೋಡಿದ್ದೇನೆ, ಸುಳ್ಳು ಹೇಳಿದ್ದನ್ನು ಕೇಳಿದ್ದೇನೆ, ಕಟ್ಟಿಕೊಂಡವಳ ಹತ್ತಿರವೂ ಒಂದಕ್ಷರ ಆಡಿದವನಲ್ಲ. ದೊರೆ ಕಂಪನಿಯ ಗಾಡಿಯೂ ಅಷ್ಟೇ, ಗುಟ್ಟು ಹೊರಬಿಡುತ್ತಿರಲಿಲ್ಲ. ಈಗ ಅದೇ ಕಂಪನಿ ಚಾಡಿಕೋರನನ್ನು ಹೆತ್ತು ಕೂತಿದೆ.

"ಇದು ಬೇಡ. ಹಳೇದು ನೋಡೋಣ. ನೀನು ಹಿಂದೆ ಕೂತ್ಕೋ, ಇಂಥ ಗಾಡಿಯ ಗುಣ ಗೊತ್ತಾಗೋದು ಹಿಂದೆ ಕೂತವರಿಗೇ" ಅಂದೆ. ಅಷ್ಟರಲ್ಲಿ ಬೇರೆ ಗಿರಾಕಿ ಬಂದರು, ಕೋಟಿನವಳು ನೀವಿಬ್ಬರೇ ಹೋಗಿಬನ್ನಿ ಅಂತ ಕೀಲಿ ಕೊಟ್ಟಳು. ಮನೆದೇವರು ಕಣ್ಣು ಬಿಟ್ಟ ಅಂದುಕೊಂಡೆ.

ಬಾಗಿಲು ಮುಚ್ಚಿದ ಕೂಡಲೇ ಲೋಕದ ಸದ್ದೆಲ್ಲ ಹೊರಗುಳಿಯಿತು. ಸ್ಟಿಯರಿಂಗಿನ ತೊಗಲು ಎರಡು ಕಡೆ ಸವೆದು ನುಣುಪಾಗಿತ್ತು. ಹಿಂದಿನವನು ಕೈಯಿಟ್ಟ ಜಾಗ. ನನ್ನ ಕೈಗಳು ತಾವಾಗಿಯೇ ಅಲ್ಲಿ ಹೋಗಿ ಕೂತವು. ಕೀಲಿ ತಿರುಗಿಸಿದೆ. ಎಂಜಿನ್ನು ನಿದ್ದೆಯಲ್ಲೇ ಹೂಂ ಅಂದಿತು.

ಕೆರೆಯ ಪಕ್ಕದ ರಸ್ತೆಗೆ ಇಳಿಸಿದೆ. ಮಧ್ಯಾಹ್ನದ ಬಿಸಿಲು ಮರಗಳ ಕೆಳಗೆ ಬಿಡಿಬಿಡಿಯಾಗಿ ಬಿದ್ದಿತ್ತು, ಗಾಡಿ ಅದರ ಮೇಲೆ ತೇಲಿಕೊಂಡು ಹೋಯಿತು. ಕಾಲು ಎಲ್ಲಿದೆ, ಪೆಡಲ್ ಎಲ್ಲಿದೆ ಅಂತ ನಾನು ಯೋಚಿಸಲೇ ಇಲ್ಲ. ನೀರು ಒಮ್ಮೆ ಬಲಗಡೆ ಬಂತು, ಒಮ್ಮೆ ಆಕಾಶದಲ್ಲಿ ಇದ್ದ ಹಾಗಿತ್ತು. ಕನ್ನಡಿಯಲ್ಲಿ ನೋಡಿದರೆ ಮಗಳು ಕಿಟಕಿಗೆ ತಲೆಯಾನಿಸಿ, ಬಾಯಿ ತೆರೆದು ಮಲಗಿಬಿಟ್ಟಿದ್ದಳು. ಬೆಳಗಿಂದ ಇನ್ನೊಬ್ಬರ ಹಲ್ಲು ಕಿತ್ತು ಸುಸ್ತಾಗಿದ್ದಳು ಪಾಪ. ಐದು ವರ್ಷದವಳಿದ್ದಾಗಲೂ ಹೀಗೇ ಮಲಗುತ್ತಿದ್ದಳು. ಅವಳಿಗೆ ಐದು ಅಂದರೆ ನನಗೆ ಮೂವತ್ತನಾಲ್ಕು, ಕೂದಲೆಲ್ಲ ಕಪ್ಪು. ಯಜಮಾನರು ಎಲ್ಲೋ ಮೀಟಿಂಗಿನಲ್ಲಿದ್ದಾರೆ, ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಾಳೆ, ನನ್ನ ಎರಡೂ ಕಣ್ಣು ಚೆನ್ನಾಗಿವೆ. ಲೋಕದ ಎಡಭಾಗ ಇಲ್ಲ ಅನ್ನುವುದೇ ಮರೆತುಹೋಯಿತು. ಒಂದು ಕಡೆ ಸರ್ರನೆ ಸದ್ದಾಯಿತು, ಯಾರೋ ಬಟ್ಟೆ ಹರಿದ ಹಾಗೆ. ಗಾಳಿ ಅಂದುಕೊಂಡೆ. ಅಷ್ಟು ಸಂತೋಷ ನನಗೆ ಆಗಿ ಎಷ್ಟೋ ವರ್ಷವಾಗಿತ್ತು.

ಷೋರೂಮಿನ ಮುಂದೆ ನಿಲ್ಲಿಸಿದಾಗಲೇ ಅವಳಿಗೆ ಎಚ್ಚರವಾದದ್ದು. "ಬಂದುಬಿಟ್ವಾ? ಗೊತ್ತೇ ಆಗ್ಲಿಲ್ಲವಲ್ಲ ಅಪ್ಪ. ಒಂದು ಅಲುಗಾಟ ಇಲ್ಲ. ಇದೇ ಇರಲಿ, ಹೋಗಿ ಸೈನ್ ಹಾಕ್ತೀನಿ" ಅಂದು ಒಳಗೆ ನಡೆದಳು. ಗೆದ್ದೆ ಅಂದುಕೊಂಡೆ.

ಗಾಡಿ ನಿಲ್ಲಿಸಿದ ಮೇಲೆ ಡ್ರೈವರಾದವನು ಬಟ್ಟೆ ಹಿಡಿದು ಅದರ ಸುತ್ತ ಒಂದು ಸುತ್ತು ಬರಬೇಕು. ಯಾರೂ ಹೇಳಿಕೊಡಬೇಕಾಗಿಲ್ಲ, ಕೈಯೇ ಕರವಸ್ತ್ರ ತೆಗೆಯುತ್ತದೆ. ಮುಂದಿನ ಗಾಜು ಒರೆಸಿದೆ, ದೀಪ ಒರೆಸಿದೆ, ಎಡಗಡೆಗೆ ಬಂದೆ. ಕನ್ನಡಿಯ ಸಂದಿಯಲ್ಲಿ ಬೇಲಿಗಿಡದ ಒಂದು ಗೇಣುದ್ದದ ಟೊಂಗೆ ಸಿಕ್ಕಿಕೊಂಡಿತ್ತು. ಎಲೆ ಇನ್ನೂ ಬಾಡಿರಲಿಲ್ಲ. ಅಲ್ಲಿಂದ ಹಿಂದಿನ ಬಾಗಿಲವರೆಗೆ ಬಣ್ಣದ ಮೇಲೆ ತೆಳುವಾದ ಗೀರು.

ಕೆರೆ ರಸ್ತೆಯ ಎಡಕ್ಕೆ ಬೇಲಿ, ಬೇಲಿಗೆ ಅಂಟಿಕೊಂಡೇ ಜನ ಓಡಾಡುವ ಕಾಲುದಾರಿ. ಆ ಕನ್ನಡಿಯ ಎತ್ತರ ಎಷ್ಟು ಅಂತ ಕೈಯಿಂದ ಅಳೆದು ನೋಡಿದೆ. ಎರಡನೇ ಕ್ಲಾಸಿನ ಮಗುವಿನ ಕಿವಿಯ ಎತ್ತರ. ದಾರಿಯಲ್ಲಿ ಯಾರಿದ್ದರು, ಯಾರಿರಲಿಲ್ಲ, ನಾನು ಯಾವ ದೇವರ ಮುಂದೆಯೂ ಹೇಳಲಾರೆ. ಗಾಡಿ ಒಂದು ಮಾತೂ ಆಡಿರಲಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ ತಾನೆ?

ಟೊಂಗೆ ಕಿತ್ತು ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಗೀರು ಮೊದಲೇ ಇತ್ತು ಅಂದರೆ ಯಾರು ಕೇಳುತ್ತಾರೆ? ಕಿತ್ತೆ ಕೂಡ. ಜೇಬಿನವರೆಗೆ ಹೋದ ಕೈ ಒಳಗೆ ಇಳಿಯಲಿಲ್ಲ. ಅದನ್ನು ಹಿಡಿದುಕೊಂಡೇ ಆ ಬಿಳಿ ನೆಲದ ಮೇಲೆ ನಡೆದುಹೋದೆ. ಮಗಳ ಕೈಯಲ್ಲಿ ಪೆನ್ನಿತ್ತು.

"ಸೈನ್ ಹಾಕ್ಬೇಡ. ನನ್ನ ಎಡಗಣ್ಣು ಕಾಣಲ್ಲ" ಅಂದೆ. "ಎಂಟು ತಿಂಗಳಾಯ್ತು. ಬೇಲಿಗೆ ಉಜ್ಜಿದ್ದು ನನಗೆ ಗೊತ್ತಾಗ್ಲಿಲ್ಲ." ಕೋಟಿನವಳಿಗೂ ಹೇಳಿದೆ, "ಗೀರು ನಾನೇ ಹಾಕಿದ್ದಮ್ಮ."

ಮಗಳು ಪೆನ್ನು ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಕೀಲಿಗಾಗಿ ಕೈ ಚಾಚಿದಳು. ಕೊಟ್ಟೆ.

ಮನೆಗೆ ಅವಳ ಡಬ್ಬದಲ್ಲೇ ಹೊರಟೆವು. ಅವಳು ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ಅವಳ ಮೂಗು ಕೆಂಪಾಗಿತ್ತು.

"ಎಂಟು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲ," ಅಂದಳು ಕೊನೆಗೆ, "ನಾನೇನು ನಿನ್ನನ್ನ ಮೂಲೆಗೆ ಹಾಕ್ತಿದ್ನಾ?"

"ನನಗೆ ಭಯ ಆಗಿತ್ತು ಮಗಳೆ."

ಅವಳು ಕಣ್ಣೊರೆಸಿಕೊಂಡು, ರಸ್ತೆ ನೋಡುತ್ತಲೇ ಹೇಳತೊಡಗಿದಳು. "ಎಡಗಡೆ ಈಗ ಟೈಲರ್ ಅಂಗಡಿ. ಬಾಗಿಲಲ್ಲಿ ಬೆಕ್ಕು ಮಲಗಿದೆ. ಒಂದು ಕೆಂಪು ಗೋಡೆ. ಗೋಡೆ ಮೇಲೆ ಯಾರೋ ಒದ್ದೆ ಶೂ ಒಣಗಕ್ಕಿಟ್ಟಿದ್ದಾರೆ. ಒಬ್ಬಳು ಹೆಂಗಸು ಛತ್ರಿ ಬಿಚ್ಚಕ್ಕೆ ಒದ್ದಾಡ್ತಿದ್ದಾಳೆ." ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತಾ ಹೋದೆ. ಇಷ್ಟು ತಿಂಗಳು ನನ್ನ ಪಾಲಿಗೆ ಇಲ್ಲದೇ ಹೋಗಿದ್ದ ಅರ್ಧ ಊರು ಅವಳ ಬಾಯಲ್ಲಿ ಒಂದೊಂದಾಗಿ ಬಂತು.

ಗಾಡಿ ನಿಧಾನವಾಯಿತು.

"ಎಡಗಡೆ ಸ್ಕೂಲು" ಅಂದಳು. "ಗೇಟಿನ ಹತ್ರ ಮೆಣಸು ನಿಂತಿದ್ದಾಳೆ. ನಾವು ತಿರುವಲ್ಲಿ ಬಂದಾಗಿಂದ ನಿನಗೆ ಕೈ ಬೀಸ್ತಿದ್ದಾಳೆ ಅಪ್ಪ."

ನಾನು ಪೂರ್ತಿ ಕತ್ತು ತಿರುಗಿಸಿದೆ. ಮಗು ಒಂದು ಮಾರು ದೂರದಲ್ಲಿತ್ತು.