ಆರು ಬಕೆಟ್ಟುಗಳ ಸಾಲು

ಗಾಜಿನ ಚಾವಣಿ ಸೋರತೊಡಗಿದ ಮೇಲೆ ಮಾಲಿನ ಅಂಗಡಿಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದವು. ಎಸ್ಕಲೇಟರ್ ನಿಂತು ಬರೀ ಮೆಟ್ಟಿಲಾಯಿತು. ಕೊನೆಗೆ ಉಳಿದವರು ನೆಲಮಹಡಿಯ ಟೈಲರ್ ಮತ್ತು ನೆಲ ಒರೆಸುವ ಅಕ್ಕ, ಇಬ್ಬರೇ.

ಅಕ್ಕನೆಂದರೆ ಸಾಮಾನ್ಯಳೇ! ಹನಿ ಬೀಳುವ ಆರು ಟೈಲ್ಸಿನ ಮೇಲೂ ಕೆಂಪು ಉಗುರುಬಣ್ಣದಲ್ಲಿ ಚುಕ್ಕೆ ಇಟ್ಟಿದ್ದಳು. ಮೋಡ ಕವಿದರೆ ಸಾಕು, ಚುಕ್ಕೆಗೊಂದು ಬಕೆಟ್. ಆಮೇಲೆ ಮಳೆ ನಿಲ್ಲುವ ತನಕ ಎತ್ತು, ಚೆಲ್ಲು, ಓಡು. ಹದಿನೈದು ವರ್ಷದಲ್ಲಿ ಮಳೆ ಬರುವಾಗ ಅವಳು ಕೂತದ್ದನ್ನು ಟೈಲರ್ ಕಂಡೇ ಇರಲಿಲ್ಲ.

“ಎಲ್ರೂ ಮ್ಯಾನೇಜರಿಗೆ ಬಕೆಟ್ ಹಿಡಿದು ಮೇಲೆ ಹೋದ್ರು. ನೀನು ಮಳೆಗೆ ಹಿಡಿದು ಇಲ್ಲೇ ಉಳಿದೆ,” ಎಂದು ಅವನು ಕಾಲೆಳೆಯುತ್ತಿದ್ದ.

“ನಿಮ್ಮಂಗಡಿ ಬಟ್ಟೆ ನೆನೀದೆ ಇರೋದು ಯಾರ ಪುಣ್ಯ ಸ್ವಾಮಿ?”

ಅಷ್ಟರಲ್ಲಿ ಮಾಲು ಹೊಸಬರ ಕೈಗೆ ಹೋಯಿತು. ಚಾವಣಿ ಗಟ್ಟಿಯಿದ್ದರೆ ದುರಸ್ತಿ, ಇಲ್ಲವಾದರೆ ಕಟ್ಟಡವೇ ನೆಲಸಮ. ಟೈಲರಿಗೆ ಊಟ ಸೇರಲಿಲ್ಲ. ಅರವತ್ತರ ವಯಸ್ಸಿನಲ್ಲಿ ಮೆಷಿನ್ ಹೊತ್ತುಕೊಂಡು ಎಲ್ಲಿಗೆ ಹೋಗುವುದು?

“ನಾಳೆ ಚಾವಣಿ ನೋಡೋಕೆ ಇಂಜಿನಿಯರಮ್ಮ ಬರ್ತಾರೆ. ಬಕೆಟ್ ಎಲ್ಲಾ ಅಡಗಿಸಿಡಮ್ಮ, ಕೈ ಮುಗೀತೀನಿ.”

“ಅಡಗಿಸಿದ್ರೆ ಸೋರೋದು ನಿಲ್ಲತ್ತಾ?” ಎಂದಳು ಅಕ್ಕ.

ಮರುದಿನ ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಆದರೂ ಈ ಮಹಾತಾಯಿ ಆರೂ ಬಕೆಟ್ ತಂದು ಇಟ್ಟೇಬಿಟ್ಟಳು! ಇಂಜಿನಿಯರಮ್ಮ ನೋಡಿ ಮುಖ ಸಿಂಡರಿಸಿದರು. “ಇಷ್ಟೊಂದು ಕಡೆ ಸೋರತ್ತಾ? ಹಾಗಾದ್ರೆ ಇದರ ಕಥೆ ಮುಗೀತು.”

ಟೈಲರ್ ಒಂದು ಬಕೆಟ್ಟನ್ನು ಕಾಲಿನಿಂದ ಹಿಂದಕ್ಕೆ ತಳ್ಳಲು ನೋಡಿದ. ಅಕ್ಕ ಮಾತ್ರ ಅಲ್ಲಾಡಲಿಲ್ಲ.

“ಆರೂ ಒಂದೇ ಸಾಲಲ್ಲಿದಾವೆ, ನೋಡಿ ಅಮ್ಮ. ಗಾಜು ಕೆಟ್ಟಿದ್ರೆ ಎಲ್ಲಾ ಕಡೆ ಸೋರಬೇಕಿತ್ತಲ್ವಾ? ಈ ಸಾಲಿನ ನೇರಕ್ಕೆ ಮೇಲಿರೋದು ಮಾಲಿನ ಹೆಸರಿನ ಬೋರ್ಡು. ಅದು ಹಾಕಿದ ವರ್ಷವೇ ಮೊದಲ ಹನಿ ಬಿದ್ದಿದ್ದು. ಮ್ಯಾನೇಜರಿಗೆ ಮೂರು ಸಲ ಹೇಳಿದೆ. ಪೊರಕೆ ಹಿಡಿಯೋಳ ಮಾತು ಯಾರು ಕೇಳ್ತಾರೆ?”

ಇಂಜಿನಿಯರಮ್ಮ ಏಣಿ ಹತ್ತಿದರು. ಅರ್ಧ ಗಂಟೆಯ ನಂತರ ಕೈತುಂಬ ತುಕ್ಕು ಮೆತ್ತಿಕೊಂಡು, ನಗುತ್ತಾ ಇಳಿದರು. ಬೋರ್ಡಿನ ಆರು ಬೋಲ್ಟುಗಳು ಚಾವಣಿಯ ಮಳೆನೀರು ಹರಿಯುವ ದೋಣಿಯನ್ನೇ ಕೊರೆದುಕೊಂಡು ಕೂತಿದ್ದವು. “ಗಾಜು ಕಲ್ಲಿನ ಹಾಗಿದೆ ಅಕ್ಕ. ನೀವಿಲ್ದಿದ್ರೆ ಕೆಡವಿಬಿಡ್ತಿದ್ದೆ.”

ವರ್ಷ ಕಳೆಯಿತು. ಮಹಡಿಯಲ್ಲಿ ಆಸ್ಪತ್ರೆ, ಗ್ರಂಥಾಲಯ, ಕೆಳಗೆ ಅಂಗಡಿಗಳು, ಟೈಲರ್ ಅದೇ ಜಾಗದಲ್ಲಿ. ನೆಲವೆಲ್ಲ ಹೊಸದಾದರೂ ಚುಕ್ಕೆಯಿದ್ದ ಆರು ಟೈಲ್ಸುಗಳನ್ನು ಮುಟ್ಟಲು ಇಂಜಿನಿಯರಮ್ಮ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಮಳೆ ಧೋ ಎಂದು ಸುರಿಯಿತು. ಅಭ್ಯಾಸಬಲದಿಂದ ಅಕ್ಕ ಬಕೆಟ್ ಹಿಡಿದು ಓಡಿಬಂದಳು. ಟೈಲರ್ ಮೆಷಿನ್ ನಿಲ್ಲಿಸಿ ಎದ್ದುಬಂದ. ಹತ್ತು ನಿಮಿಷವಾಯಿತು. ಒಂದು ಚುಕ್ಕೆಯೂ ಒದ್ದೆಯಾಗಲಿಲ್ಲ.

ಅವನು ತನ್ನ ಸ್ಟೂಲನ್ನು ಒರೆಸಿ ಮುಂದಕ್ಕೆ ತಳ್ಳಿದ. “ಕೂತ್ಕೊಳಮ್ಮ.”

“ಕೆಲಸ ಇದೆಯಲ್ರೀ.”

“ಯಾವ ಕೆಲಸ?”

ಅಕ್ಕ ಬಕೆಟ್ ಕೆಳಗಿಟ್ಟು ಕೂತಳು. ಕಾಲು ಚಾಚಿ, ಗಾಜಿನ ಮೇಲೆ ಹರಿಯುವ ನೀರನ್ನು ಸುಮ್ಮನೆ ನೋಡಿದಳು. ಟೈಲರಿಗೆ ಕಣ್ಣು ತುಂಬಿ ಬಂತು.

“ಅಯ್ಯೋ,” ಎಂದಳು ಅಕ್ಕ, “ಮಳೆ ನೋಡೋಕೆ ಇಷ್ಟು ಚೆನ್ನಾಗಿರತ್ತೇನ್ರೀ?”